ಕಾಂಪೌಂಡರ್ ವ್ಯಾನು

ಒಂದು ಕೆಲಸ ನಮಗೆ ಎಷ್ಟು ಕಡಿಮೆ ಗೊತ್ತಿರುತ್ತದೋ ಅದನ್ನು ಮಾಡಿಬಿಡುತ್ತೇನೆ ಎನ್ನುವ ಧೈರ್ಯ ಅಷ್ಟೇ ಜಾಸ್ತಿ ಇರುತ್ತದೆ. ನನ್ನನ್ನೇ ನೋಡಿ. ಹುಟ್ಟಿದಾಗಿನಿಂದ ಕಾಫಿ ತೋಟದಲ್ಲೇ ಬೆಳೆದವನು. ಆದರೂ ಮಳೆಗಾಲಕ್ಕೆ ಮುಂಚೆ ಮರಗಸಿ ಮಾಡಿಸುವಾಗ, ನೆರಳಿನ ಮರದ ಯಾವ ಕೊಂಬೆ ಕಡಿಯಬೇಕು, ಯಾವುದನ್ನು ಬಿಡಬೇಕು ಅಂತ ಕೆಳಗೆ ನಿಂತು ಕತ್ತು ನೋಯುವಷ್ಟು ಹೊತ್ತು ಯೋಚನೆ ಮಾಡುತ್ತೇನೆ. ಮರದ ಮೇಲಿರುವವನಿಗೆ ಬೇಜಾರು ಬಂದು ಅವನೇ ಯಾವುದೋ ಒಂದನ್ನು ಕಡಿದು ಇಳಿಯುತ್ತಾನೆ. ಆದರೆ ಜನ್ಮದಲ್ಲಿ ಒಂದು ಸಲವೂ ಕೈ ಹಾಕದ ಕೆಲಸ, ವ್ಯಾನಿಗೆ ಬಣ್ಣ ಹೊಡೆಯುವುದು. ಅದರ ಬಗ್ಗೆ ನನಗೆ ಎಳ್ಳಷ್ಟೂ ಅನುಮಾನ ಇರಲಿಲ್ಲ. ಅದರಲ್ಲಿ ಎಂಥದಿದೆ? ಬಣ್ಣ ಡಬ್ಬಿಯಲ್ಲಿದೆ, ವ್ಯಾನು ಕಣದಲ್ಲಿದೆ. ಇಲ್ಲಿರುವುದನ್ನು ಅಲ್ಲಿಗೆ ದಾಟಿಸಿದರೆ ಮುಗಿಯಿತು. ಈ ಮಾತನ್ನು ನಾನು ಒಂದು ಮದುವೆ ಮನೆಯ ಊಟದ ಪಂಕ್ತಿಯಲ್ಲಿ, ಎರಡನೇ ಸಲ ಪಾಯಸ ಹಾಕಿಸಿಕೊಂಡ ಹುಮ್ಮಸ್ಸಿನಲ್ಲಿ, ಅಕ್ಕಪಕ್ಕದವರಿಗೆಲ್ಲ ಕೇಳುವಂತೆ ಹೇಳಿಬಿಟ್ಟೆ. ಹೇಳಿದ ಮೇಲೆ ಪೇಟೆಯ ಪೇಂಟರ್ ಹತ್ತಿರ ಹೋಗುವ ದಾರಿ ನನಗೆ ಮುಚ್ಚಿಹೋಯಿತು.

ಇವನಿಗೆ ವ್ಯಾನು ಎಲ್ಲಿಂದ ಬಂತು ಅಂತ ನೀವು ಕೇಳುವುದು ನ್ಯಾಯವೇ. ತೊಂಬತ್ತರ ದಶಕದಲ್ಲಿ ಕಾಫಿಗೆ ಒಳ್ಳೆಯ ರೇಟು ಬಂತಲ್ಲ, ಆಗ ಮೂಡಿಗೆರೆ ಸುತ್ತಮುತ್ತಲಿನ ಬೆಳೆಗಾರರೆಲ್ಲ ಏನಾದರೊಂದು ಕೊಂಡರು. ಜೀಪಿದ್ದವರು ಕಾರು ಕೊಂಡರು, ಕಾರಿದ್ದವರು ಇನ್ನೊಂದು ಕಾರು ಕೊಂಡರು. ಪಕ್ಕದ ತೋಟದ ಚಂದ್ರೇಗೌಡ, ನನ್ನ ಜೊತೆ ಶಾಲೆಗೆ ಬಂದವನು, ಮನೆಯ ಮಾಡಿನ ಮೇಲೆ ದೊಡ್ಡದೊಂದು ಡಿಶ್ ಕೂರಿಸಿ ಯಾವ ಯಾವುದೋ ದೇಶದ ಹವಾಮಾನ ವರದಿ ನೋಡತೊಡಗಿದ. ನಾನೊಬ್ಬ ಏನೂ ಕೊಳ್ಳದೆ ಉಳಿದಿದ್ದೆ. ವೈರಾಗ್ಯದಿಂದ ಅಂತ ಕೆಲವರು ಹೊಗಳಿದರು. ನಿಜ ಹೇಳಬೇಕೆಂದರೆ ಏನು ಕೊಳ್ಳಬೇಕೆಂದು ನನಗೆ ತೀರ್ಮಾನ ಮಾಡಲು ಆಗಿರಲಿಲ್ಲ.

ಹಾಗಿರುವಾಗ ಚಾರ್ಮಾಡಿ ಘಾಟಿ ಹತ್ತಿ ಬಂದ ಒಂದು ವ್ಯಾನು ಸರಿಯಾಗಿ ನಮ್ಮ ತೋಟದ ಗೇಟಿನ ಮುಂದೆ ಹೊಗೆ ಬಿಟ್ಟುಕೊಂಡು ನಿಂತಿತು. ಒಳಗಿದ್ದವರು ಬಿಳಿಯ ಗಂಡ ಹೆಂಡತಿ. ಯಾವ ದೇಶದವರೆಂದು ಅವರು ಹೇಳಿದರು, ನಾನು ಗೊತ್ತಾದವನಂತೆ ತಲೆಯಾಡಿಸಿದೆ. ಮೂಡಿಗೆರೆಯಿಂದ ಮೆಕ್ಯಾನಿಕ್ ಹಮೀದನನ್ನು ಕರೆಸಿದೆ. ಹಮೀದ್ ನಮ್ಮ ಜೀಪಿನ ಖಾಯಂ ವೈದ್ಯ. ಇಂಜಿನ್ ಬಿಚ್ಚದೆ ಬರೀ ಕಿವಿಗೊಟ್ಟು ಕಾಯಿಲೆ ಹೇಳುತ್ತಾನೆ, ಆಮೇಲೆ ಬಿಚ್ಚಿ ಬೇರೆ ಕಾಯಿಲೆ ಹೇಳುತ್ತಾನೆ. ಅವನು ಒಂದು ಸಾಮಾನು ಮಂಗಳೂರಿನಿಂದ ಬರಬೇಕೆಂದು ಹೇಳಿದ್ದರಿಂದ ಆ ವ್ಯಾನನ್ನು ತಳ್ಳಿ ನಮ್ಮ ಕಾಫಿ ಕಣದಲ್ಲಿ ನಿಲ್ಲಿಸಿದೆವು. ಮನೆಯೊಳಗೆ ಬನ್ನಿ ಎಂದರೆ ಅವರು ಬರಲಿಲ್ಲ. ನಮ್ಮ ಮನೆ ಇದೇ ಅಂತ ವ್ಯಾನನ್ನು ತೋರಿಸಿ ನಕ್ಕರು. ನನ್ನ ಹೆಂಡತಿ ಸುಶೀಲ ಅವರಿಗೆ ಕಡುಬು, ಚಟ್ನಿ ಕೊಡಲು ಹೋದವಳು ಬಹಳ ಹೊತ್ತು ವಾಪಸು ಬರಲಿಲ್ಲ. ಬಂದಾಗ ಅವಳ ಮುಖವೇ ಬೇರೆ ಆಗಿತ್ತು. ಒಳಗೆ ಮಂಚವಿದೆಯಂತೆ, ಒಲೆಯಿದೆಯಂತೆ, ಕೈ ತೊಳೆಯುವ ನಲ್ಲಿಯಿದೆಯಂತೆ, ಕಿಟಕಿಗೆ ಪರದೆಯಂತೆ. ಇದಕ್ಕೆ ಕ್ಯಾಂಪರ್ ವ್ಯಾನ್ ಅಂತ ಹೆಸರಂತೆ. ಇದನ್ನೆಲ್ಲ ಹೇಳಿ ಕೊನೆಗೆ ಪ್ರತಿಸಲವೂ ಒಂದು ಮಾತು ಸೇರಿಸುತ್ತಿದ್ದಳು: ಅವನು ಒಲೆ ಮುಂದೆ ನಿಂತು ಆಮ್ಲೆಟ್ ಮಾಡ್ತಿದ್ದ, ಅವಳು ಕಾಲು ಚಾಚಿಕೊಂಡು ಪುಸ್ತಕ ಓದ್ತಿದ್ಲು. ಕಾಲು ಚಾಚುವಷ್ಟು ಜಾಗ ಒಳಗೆ ಇರುತ್ತದೆ ಎಂದು ಹೇಳುತ್ತಿದ್ದಾಳೆ ಅಂತ ನಾನು ತಿಳಿದುಕೊಂಡೆ.

ಇಲ್ಲಿ ನಮ್ಮ ಕಡೆಯ ಪ್ರವಾಸದ ಬಗ್ಗೆ ಎರಡು ಮಾತು ಹೇಳಬೇಕು. ನಮ್ಮಲ್ಲಿ ಪ್ರವಾಸ ಎಂದರೆ ಒಬ್ಬ ನೆಂಟರ ಮನೆಯಿಂದ ಇನ್ನೊಬ್ಬ ನೆಂಟರ ಮನೆಗೆ ಹೋಗುವುದು. ಹೊರನಾಡಿಗೆ ಹೋದರೆ ಕಳಸದಲ್ಲಿ ನನ್ನ ತಂಗಿಯ ಮನೆ. ಶೃಂಗೇರಿಗೆ ಹೋದರೆ ದಾರಿಯಲ್ಲಿ ಅತ್ತಿಗೆಯ ಮನೆ. ಹೋಟೆಲಿನಲ್ಲಿ ಉಳಿದರೆ ಮುಂದಿನ ಮದುವೆಯವರೆಗೂ ಅದೇ ಮಾತು. ನೆಂಟರ ಮನೆ ತಲುಪಿದ ಕೂಡಲೇ ಗಂಡಸರು ಜಗುಲಿಯಲ್ಲಿ ಕೂತು ಕಾಫಿ ರೇಟು ಮಾತಾಡುತ್ತೇವೆ. ಹೆಂಗಸರು ಕಾಲು ತೊಳೆದು ನೇರ ಅಡಿಗೆಮನೆಗೆ ಹೋಗುತ್ತಾರೆ. ಅಲ್ಲಿ ಯಾರೋ ಒಬ್ಬರು ಅಯ್ಯೋ ನೀವು ಕೂತ್ಕೊಳ್ಳಿ ಅನ್ನುತ್ತಲೇ ಒಂದು ತೆಂಗಿನಕಾಯಿ ಹೋಳನ್ನೂ ತುರಿಮಣೆಯನ್ನೂ ಮುಂದೆ ಇಡುತ್ತಾರೆ. ನಾನು ಕಳಸ ನೋಡಿದ್ದೇನೆ. ಸುಶೀಲ ನೋಡಿರುವುದು ಕಳಸದ ಒಲೆ. ಶೃಂಗೇರಿ ಎಂದರೆ ಅವಳಿಗೆ ನೆನಪಾಗುವುದು ಹೊಗೆ ಹೊರಗೆ ಹೋಗದ ಒಂದು ಅಡಿಗೆಮನೆ.

ಆ ಬಿಳಿಯರ ವ್ಯಾನು ರಿಪೇರಿಯಾಗಿ ಹೊರಟುಹೋದ ಮಾರನೆಯ ದಿನ ಅವಳು ಮೊರದಲ್ಲಿ ಅಕ್ಕಿ ಆರಿಸುತ್ತಾ, ನನ್ನ ಕಡೆ ನೋಡದೆ ಹೇಳಿದಳು. “ಯಾರ ಮನೆ ಒಲೇನೂ ಕಾಣದೆ ಒಂದು ವಾರ ತಿರುಗಿ ಬರ್ಬೇಕು ಅಂತ ಆಸೆ ಕಣ್ರೀ. ಮದುವೆ ಆದಾಗಿಂದ.”

ಇಂಥ ಮಾತಿಗೆಲ್ಲ ನನ್ನ ಬಳಿ ಒಂದು ಸಿದ್ಧ ಉತ್ತರವಿತ್ತು. ಮುಂದಿನ ವರ್ಷ ನೋಡೋಣ. ಅದು ಬಹಳ ಉಪಯುಕ್ತವಾದ ಉತ್ತರ. ಸುಳ್ಳೂ ಅಲ್ಲ, ನಿಜವೂ ಅಲ್ಲ. ಆದರೆ ಅವತ್ತು ಯಾಕೋ ಅದು ಬಾಯಿಗೆ ಬರಲಿಲ್ಲ. ಅವಳು ಅಕ್ಕಿಯಿಂದ ಕಲ್ಲು ತೆಗೆದು ಪಕ್ಕಕ್ಕೆ ಇಡುತ್ತಿದ್ದ ರೀತಿ ನೋಡುತ್ತಾ ನಿಂತೆ. ಏನು ಕೊಳ್ಳಬೇಕೆಂದು ಆ ಗಳಿಗೆಯಲ್ಲಿ ತೀರ್ಮಾನವಾಯಿತು.

ಘಟ್ಟದ ಕೆಳಗಿನ ಒಂದು ಆಸ್ಪತ್ರೆಯವರು ಹಳೆಯ ವ್ಯಾನೊಂದನ್ನು ಹರಾಜು ಹಾಕುತ್ತಾರೆಂದು ಸುದ್ದಿ ತಂದವನು ಹಮೀದ್. ಅವನೇ ಹೋಗಿ, ಕಿವಿಗೊಟ್ಟು ಕೇಳಿ, ಇಂಜಿನ್ ಬಂಗಾರ ಅಂದ. ಹೊರಮೈಯ ಬಗ್ಗೆ ಅವನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಬಿಳಿ ವ್ಯಾನು, ಎರಡೂ ಪಕ್ಕಕ್ಕೆ ಮಾರುದ್ದದ ಕೆಂಪು ಪ್ಲಸ್ ಗುರುತು. ಅದನ್ನು ಊರಿಗೆ ತರುವಾಗ ಎದುರಿಗೆ ಬಂದ ಬಸ್ಸುಗಳೆಲ್ಲ ಬದಿಗೆ ಸರಿದು ದಾರಿ ಬಿಟ್ಟವು. ನನ್ನ ಜೀವಮಾನದಲ್ಲಿ ನನಗೆ ಸಿಕ್ಕ ಮೊದಲ ಗೌರವ ಅದು. ಕೊಟ್ಟಿಗೆಹಾರದ ಸರ್ಕಲ್ಲಿನಲ್ಲಿ ಒಬ್ಬ ಮುದುಕ ತಲೆಗೆ ಸುತ್ತಿದ ಟವೆಲ್ ತೆಗೆದು ನಿಂತ. ನಾನು ಕಿಟಕಿಯಿಂದ ಅವನಿಗೆ ಕೈ ಬೀಸಿದೆ, ಅವನು ಹೆದರಿ ಎರಡು ಹೆಜ್ಜೆ ಹಿಂದೆ ಹೋದ. ವ್ಯಾನು ನಮ್ಮ ಕಣಕ್ಕೆ ಬಂದು ನಿಂತಾಗ ಕಾಫಿ ಕೆದಕುತ್ತಿದ್ದ ಆಳುಗಳೆಲ್ಲ ಕೆಲಸ ಬಿಟ್ಟು ನಿಂತುಬಿಟ್ಟರು. ಸುಶೀಲ ಓಡಿ ಬಂದಳು. ನಾನು ನನ್ನ ಎರಡು ಕಾಲಿನ ಮೇಲೆ ಇಳಿದದ್ದನ್ನು ನೋಡಿ ಒಮ್ಮೆ ಉಸಿರು ಬಿಟ್ಟಳು. ಆಮೇಲೆ ವ್ಯಾನನ್ನು ಮೇಲಿಂದ ಕೆಳಗೆ ನೋಡಿ ಒಳಗೆ ಹೋದಳು.

ನಮ್ಮ ತೋಟದ ಮೇಸ್ತ್ರಿ ಬೈರ ಇದೆಂಥ ಗಾಡಿ ಅಯ್ಯಾ ಅಂತ ಕೇಳಿದ. ನಾನು ಗತ್ತಿನಿಂದ ಕ್ಯಾಂಪರ್ ವ್ಯಾನು ಅಂದೆ. ಇಲ್ಲಿ ಆದ ಅನಾಹುತ ನನಗೆ ಆಗ ತಿಳಿಯಲಿಲ್ಲ. ನಮ್ಮ ಕಡೆ ಕ್ಯಾಂಪು ಎಂದರೆ ಒಂದೇ ಅರ್ಥ. ಕಣ್ಣಿನ ಕ್ಯಾಂಪು, ಹಲ್ಲಿನ ಕ್ಯಾಂಪು, ಆಪರೇಷನ್ ಕ್ಯಾಂಪು. ಮಾರನೆಯ ಬೆಳಿಗ್ಗೆ ನಾನು ಹಲ್ಲುಜ್ಜುತ್ತಾ ಹೊರಗೆ ಬಂದರೆ ವ್ಯಾನಿನ ಮುಂದೆ ಲೈನಿನ, ಅಂದರೆ ಆಳುಗಳ ಮನೆಸಾಲಿನ, ಹೆಂಗಸರು ಸಾಲಾಗಿ ನಿಂತಿದ್ದಾರೆ. ಒಬ್ಬಳಿಗೆ ಕಣ್ಣು ಮಂಜು, ಒಬ್ಬಳಿಗೆ ಸೊಂಟ ನೋವು. ಇದು ಆ ಕ್ಯಾಂಪಲ್ಲ, ಕ್ಯಾಂಪರ್, ಕ್ಯಾಂಪರ್ ಅಂತ ನಾನು ಬಾಯ ತುಂಬ ಪೇಸ್ಟು ಇಟ್ಟುಕೊಂಡು ಒತ್ತಿ ಒತ್ತಿ ಹೇಳಿದೆ. ಬೈರ ಅದನ್ನು ಅವರಿಗೆ ವಿವರಿಸಿದ. ಡಾಕ್ಟ್ರು ಬಂದಿಲ್ಲವಂತೆ, ಕಾಂಪೌಂಡರ್ ಮಾತ್ರ ಇದ್ದಾರಂತೆ, ಅಯ್ಯಾವ್ರೇ ಹೇಳ್ತಿದಾರೆ. ಅಂದಿನಿಂದ ಅದು ಕಾಂಪೌಂಡರ್ ವ್ಯಾನು ಆಯಿತು. ನಾನು ತಿದ್ದಲು ಹೋದಷ್ಟೂ ಅದು ಗಟ್ಟಿಯಾಯಿತು.

ಒಳಗಿನ ಕೆಲಸ ಚೆನ್ನಾಗಿಯೇ ಆಯಿತು ಅನ್ನಬೇಕು. ಆಚಾರಿ ಹಲಗೆಯ ಮಂಚ ಮಾಡಿಕೊಟ್ಟ. ಸಣ್ಣದೊಂದು ಗ್ಯಾಸ್ ಒಲೆ ಬಂತು. ಸುಶೀಲ ತನ್ನ ಹಳೆಯ ಸೀರೆ ಹರಿದು ಪರದೆ ಹೊಲಿದಳು. ಹೊಲಿಯುತ್ತಾ ಅವಳು ಗುನುಗುತ್ತಿದ್ದಳು, ನಾನು ಕೇಳಿಸದವನಂತೆ ಪೇಪರ್ ಹಿಡಿದುಕೊಂಡು ಕೇಳುತ್ತಿದ್ದೆ. ಎಲ್ಲ ಮುಗಿದ ಮೇಲೆ ತನ್ನ ಷರತ್ತು ಹೇಳಿದಳು. ಒಳಗೆ ಚೆಂದ ಆಗಿದೆ, ಆದರೆ ಆ ಪ್ಲಸ್ ಇರುವ ತನಕ ತಾನು ಅದರಲ್ಲಿ ಕಾಲಿಡುವುದಿಲ್ಲ. ದಾರಿಯಲ್ಲಿ ನೋಡಿದವರೆಲ್ಲ ನನಗೇನೋ ಆಗಿದೆ ಅಂದುಕೊಂಡು ಲೊಚಗುಟ್ಟುತ್ತಾರೆ ಅಂದಳು. ನ್ಯಾಯವಾದ ಮಾತೇ. ಅದಕ್ಕೇ ಬಣ್ಣದ ಪ್ರಶ್ನೆ ಎದ್ದದ್ದು.

ಸಮಯವೂ ಹೆಚ್ಚಿರಲಿಲ್ಲ. ಕಾಫಿ ಕೊಯ್ಲು ಮುಗಿದು, ಒಣಗಿಸಿ, ಮೂಟೆ ಕಟ್ಟಿದ ಮೇಲೆ ಹೂಮಳೆ ಬರುವ ತನಕ ಬೆಳೆಗಾರನಿಗೆ ಸ್ವಲ್ಪ ಬಿಡುವು. ಹೂಮಳೆ ಎಂದರೆ ಬೇಸಿಗೆಯ ಮೊದಲ ಒಳ್ಳೆಯ ಮಳೆ. ಮೊಗ್ಗು ಕಟ್ಟಿಕೊಂಡು ಕಾದಿರುವ ಕಾಫಿ ಗಿಡ ಅದಕ್ಕೇ ಹೂವಾಗುವುದು. ಅದು ಸರಿಯಾಗಿ ಬಂದರೆ ವರ್ಷ ಬದುಕಿದಂತೆ. ಬಂದ ಮೇಲೆ ತೋಟದ ಕೆಲಸ ಒಂದರ ಹಿಂದೆ ಒಂದು ಶುರು, ಆಮೇಲೆ ಮಳೆಗಾಲ. ಹೊರಡುವುದಾದರೆ ಅದಕ್ಕೆ ಮುಂಚೆಯೇ ಹೊರಡಬೇಕು.

ಬ್ರಷ್ಷಿನಲ್ಲಿ ಹೊಡೆದರೆ ಗೆರೆ ಬೀಳುತ್ತದೆ, ರೋಲರಿನಲ್ಲಿ ಹೊಡೆದರೆ ಬೀಳುವುದಿಲ್ಲ ಎಂದು ನಾನು ಎಲ್ಲೋ ಓದಿದ್ದೆ. ಮೂಡಿಗೆರೆಯ ಅಂಗಡಿಯಲ್ಲಿ ರೋಲರ್ ಕೇಳಿದಾಗ ಅಂಗಡಿಯವರು ಗೋಡೆಗಾ ಅಂದರು. ವ್ಯಾನಿಗೆ ಅಂದರೆ ನಾಲ್ಕು ಜನ ತಿರುಗಿ ನೋಡುತ್ತಾರೆ, ಅದರಲ್ಲಿ ಇಬ್ಬರಾದರೂ ಸಲಹೆ ಕೊಡುತ್ತಾರೆ. ಹಾಗಾಗಿ ಹೌದು ಗೋಡೆಗೇ ಅಂದೆ. ಅವರು ಗೋಡೆಗೆ ಹೊಡೆಯುವ ದಪ್ಪ ಉಣ್ಣೆಯ ರೋಲರ್ ಕಟ್ಟಿಕೊಟ್ಟರು. ಬಣ್ಣದ ವಿಷಯದಲ್ಲಿ ಸುಶೀಲ ಎಳೆ ಕಾಫಿ ಎಲೆಯ ಹಸಿರು ಬೇಕು ಎಂದಿದ್ದಳು. ಅಂಗಡಿಯಲ್ಲಿದ್ದದ್ದು ಶಾಲೆ ಕಿಟಕಿಯ ಹಸಿರು. ಒಣಗಿದ ಮೇಲೆ ಎಲೆಯ ಹಸಿರಾಗುತ್ತದೆ ಅಂತ ಮನೆಗೆ ಬಂದು ಹೇಳಿದೆ.

ಈ ನಡುವೆ ಇನ್ನೊಂದು ಸುದ್ದಿ ಹಬ್ಬಿತು. ಅಯ್ಯಾವ್ರು ವ್ಯಾನಿಗೆ ರೋಲರ್ ಹೊಡಿತಾರಂತೆ ಅಂತ ಬೈರ ಲೈನಿನಲ್ಲಿ ಹೇಳಿದ್ದಾನೆ. ರೋಲರ್ ಎಂದರೆ ನಮ್ಮ ಜನಕ್ಕೆ ಗೊತ್ತಿರುವುದು ರಸ್ತೆಗೆ ಜಲ್ಲಿ ಒತ್ತುವ ರೋಲರ್ ಒಂದೇ. ಸಂಜೆ ಚಂದ್ರೇಗೌಡ ಗಾಬರಿಯಲ್ಲಿ ಬಂದ. ನನ್ನನ್ನು ಪಕ್ಕಕ್ಕೆ ಕರೆದುಕೊಂಡು ಹೋಗಿ, ಮೆಲ್ಲಗೆ, ಕಾಯಿಲೆಯವರ ಹತ್ತಿರ ಮಾತಾಡುವ ಹಾಗೆ ಹೇಳಿದ. “ಹೆಂಡ್ತಿ ಹತ್ತಲ್ಲ ಅಂದ್ಲು ಅಂತ ಇಷ್ಟು ಬೇಜಾರಾ ಮಾರಾಯ? ಬೇಡದಿದ್ರೆ ಮಾರಿಬಿಡು. ರೋಲರ್ ಯಾಕೆ ಹತ್ತಿಸ್ತೀಯ?”

ನಾನು ಉಣ್ಣೆಯ ರೋಲರ್ ತಂದು ತೋರಿಸಿದೆ. ಅವನು ಅದನ್ನು ತಿರುಗಿಸಿ ತಿರುಗಿಸಿ ನೋಡಿ, ಇದಕ್ಕಿಂತ ಅದೇ ವಾಸಿಯಿತ್ತು ಅಂದುಬಿಟ್ಟು ಹೋದ.

ಬಣ್ಣ ಹೊಡೆಯುವ ಮುಂಚೆ ಹಳೆಯ ಬಣ್ಣವನ್ನು ಉಪ್ಪುಕಾಗದದಲ್ಲಿ ಚೆನ್ನಾಗಿ ಉಜ್ಜಬೇಕು ಎಂದು ಎಲ್ಲರೂ ಹೇಳುತ್ತಾರೆ. ನಾನೂ ಉಜ್ಜಿದೆ. ಒಂದು ಬಾಗಿಲು ಉಜ್ಜುವಷ್ಟರಲ್ಲಿ ರಟ್ಟೆ ಬಿದ್ದುಹೋಯಿತು. ಉಳಿದ ಭಾಗವನ್ನು ಅಂಗೈಯಲ್ಲಿ ಸವರಿ ನೋಡಿದೆ, ಅದೆಲ್ಲ ಆಗಲೇ ನುಣ್ಣಗಿತ್ತು. ಆ ಕೆಂಪು ಪ್ಲಸ್ ಅಂತೂ ಹೊಳೆಯುವ ರೇಡಿಯಂ ಸ್ಟಿಕ್ಕರ್, ಗಾಜಿಗಿಂತ ನುಣುಪು. ನುಣ್ಣಗಿರುವುದನ್ನು ಇನ್ನೂ ಯಾಕೆ ಉಜ್ಜಬೇಕು? ಉಜ್ಜುವುದು ಬಣ್ಣ ಹಿಡಿದುಕೊಳ್ಳಲಿ ಎಂದು, ನುಣ್ಣಗಾಗಲಿ ಎಂದಲ್ಲ ಅನ್ನುವುದು ನನಗೆ ಆಮೇಲೆ ಗೊತ್ತಾಯಿತು. ಎಲ್ಲವೂ ನನಗೆ ಆಮೇಲೆಯೇ ಗೊತ್ತಾಗುವುದು.

ರೋಲರನ್ನು ಬಣ್ಣದಲ್ಲಿ ಅದ್ದಿ ವ್ಯಾನಿನ ಪಕ್ಕೆಯ ಮೇಲೆ ಮೊದಲ ಸಲ ಮೇಲಿಂದ ಕೆಳಗೆ ಎಳೆದಾಗ ಆದ ಆನಂದವನ್ನು ಹೇಗೆ ಹೇಳಲಿ. ಒಂದೇ ಎಳೆತಕ್ಕೆ ಇಷ್ಟಗಲ ಹಸಿರು. ಈ ಪೇಂಟರುಗಳೆಲ್ಲ ಇಷ್ಟು ವರ್ಷ ಜನರಿಗೆ ಮಂಕುಬೂದಿ ಎರಚಿದ್ದಾರೆ ಅನ್ನಿಸಿತು. ಎರಡನೆಯ ಎಳೆತಕ್ಕೆ ರೋಲರಿನ ಉಣ್ಣೆ ಬಣ್ಣದ ಜೊತೆ ಬರತೊಡಗಿತು. ಮಧ್ಯಾಹ್ನದ ಹೊತ್ತಿಗೆ ವ್ಯಾನಿನ ಒಂದು ಪಕ್ಕಕ್ಕೆ ಎಳೆಗರುವಿನ ಹಾಗೆ ರೋಮ ಬಂದಿತ್ತು. ಸುಶೀಲ ಬಂದು ನೋಡಿ, ಇದು ಉದುರುತ್ತಾ ಅಂತ ಕೇಳಿದಳು. ಒಣಗಿದ ಮೇಲೆ ಉದುರುತ್ತದೆ ಅಂದೆ. ಒಣಗಿದ ಮೇಲೆ ಎನ್ನುವುದು ಆ ದಿನಗಳಲ್ಲಿ ನನಗೆ ಮುಂದಿನ ವರ್ಷ ಎನ್ನುವುದರ ಬದಲಿಗೆ ಸಿಕ್ಕಿದ ಹೊಸ ಉತ್ತರವಾಗಿತ್ತು.

ಅಷ್ಟರಲ್ಲಿ ಬಾಬಾಬುಡನ್‌ಗಿರಿಯ ದಿಕ್ಕಿನಲ್ಲಿ ಮೋಡ ಕಾಣಿಸಿತು. ಇನ್ನರ್ಧ ಬಣ್ಣ ಡಬ್ಬಿಯಲ್ಲೇ ಇದೆ. ಈಗ ನಾನು ಮಾಡಿದ ಕೆಲಸವನ್ನು ನಮ್ಮ ಕಾಫಿ ಸೀಮೆಯ ಬೆಳೆಗಾರರು ಬಿಟ್ಟರೆ ಬೇರೆ ಯಾರೂ ಮಾಡುತ್ತಿರಲಿಲ್ಲ. ಮಳೆಗಾಲಕ್ಕೆ ಮುಂಚೆ ಕಾಫಿ ಗಿಡಕ್ಕೆ ನಾವು ಬೋರ್ಡೋ ಹೊಡೆಯುತ್ತೇವಲ್ಲ, ಮೈಲುತುತ್ತ, ಸುಣ್ಣ ಸೇರಿಸಿ ಮಾಡಿದ ನೀಲಿ ಔಷಧ, ಅದು ಮಳೆಗೆ ತೊಳೆದುಹೋಗದಿರಲಿ ಎಂದು ಅದಕ್ಕೆ ಸ್ವಲ್ಪ ಅಂಟು ಬೆರೆಸುತ್ತೇವೆ. ನಮ್ಮಪ್ಪ ಬೆರೆಸುತ್ತಿದ್ದರು, ನಾನೂ ಬೆರೆಸುತ್ತೇನೆ. ಔಷಧ ಎಲೆಗೆ ಕಚ್ಚಿಕೊಂಡು ಕೂರುತ್ತದೆ, ಎಂಥ ಮಳೆಗೂ ಜಗ್ಗುವುದಿಲ್ಲ. ಎಲೆಗೆ ಆಗುವುದು ತಗಡಿಗೆ ಯಾಕಾಗಬಾರದು? ಹಮೀದ್ ಅಲ್ಲೇ ಇದ್ದ. ಬಣ್ಣ ನಮ್ಮ ಡಿಪಾರ್ಟ್‌ಮೆಂಟ್ ಅಲ್ಲ ಗೌಡ್ರೇ ಅಂತ ಮೊದಲೇ ಹೇಳಿ ಕೈ ತೊಳೆದುಕೊಂಡಿದ್ದವನು, ಅಂಟಿನ ವಿಚಾರ ಕೇಳಿದ ಮೇಲೆ ಕಣ್ಣರಳಿಸಿ, ಐಡಿಯಾ ಅಂದರೆ ಇದು ಅಂದ. ಸ್ಟೋರಿನಿಂದ ಅಂಟಿನ ಡಬ್ಬ ತಂದು ಬಣ್ಣಕ್ಕೆ ಧಾರಾಳವಾಗಿ ಸುರಿದು, ಬೋರ್ಡೋ ಕಲಕುವ ಕೋಲಿನಲ್ಲೇ ಕಲಕಿ, ಮೊದಲು ಹೊಡೆದಿದ್ದ ಪಕ್ಕವನ್ನೂ ಸೇರಿಸಿ ಇಡೀ ವ್ಯಾನಿಗೆ ಹೊಡೆದೆ. ಕೆಂಪು ಪ್ಲಸ್ ಮಾಯವಾಯಿತು. ದೂರದಿಂದ ನೋಡಿದರೆ ಚೆನ್ನಾಗಿಯೇ ಕಾಣುತ್ತಿತ್ತು. ಎಷ್ಟು ದೂರ ಎಂದರೆ, ನಮ್ಮ ಗೇಟಿನಿಂದ.

ಅಂಟು ತನ್ನ ಕೆಲಸ ಮಾಡಿತು. ಬಣ್ಣ ಒಣಗಲೇ ಇಲ್ಲ. ಮಾರನೆಯ ದಿನ ಮುಟ್ಟಿದರೆ ಬೆರಳಿಗೆ ಹಸಿರು, ಅದರ ಮಾರನೆಯ ದಿನವೂ ಹಸಿರು. ಸಿಲ್ವರ್ ಮರದ ತರಗೆಲೆ ಗಾಳಿಗೆ ಹಾರಿ ಬಂದು ಕೂತವು ಏಳಲಿಲ್ಲ. ಕಣದ ಮೂಲೆಯಲ್ಲಿದ್ದ ಕಾಫಿ ಹೊಟ್ಟು ಹಾರಿ ಬಂದು ಕೂತಿತು. ಸಂಜೆ ದೀಪಕ್ಕೆ ಬರಬೇಕಾದ ಹುಳಗಳು ನಮ್ಮ ವ್ಯಾನಿಗೆ ಬಂದವು. ಒಂದು ದಿನ ಚಂದ್ರೇಗೌಡ ಯಾರದೋ ನಿಶ್ಚಿತಾರ್ಥಕ್ಕೆ ಹೊರಟವನು ಬಿಳಿ ಶರ್ಟು ಹಾಕಿಕೊಂಡು ಬಂದು, ಮೋಡ ನೋಡುತ್ತಾ ವ್ಯಾನಿಗೆ ಬೆನ್ನು ಕೊಟ್ಟು ನಿಂತುಬಿಟ್ಟ. ಬಿಡಿಸುವಾಗ ನಾನೂ ಬೈರನೂ ಇಬ್ಬರೂ ಬೇಕಾಯಿತು. ಅವನು ಬೈದದ್ದನ್ನು ಇಲ್ಲಿ ಬರೆಯುವುದಿಲ್ಲ.

ಸುಶೀಲ ಮಾತ್ರ ಬೈಯಲಿಲ್ಲ. ನಡುಮನೆಯಲ್ಲಿ, ಬಾಗಿಲ ಪಕ್ಕ, ಅವಳು ಕಟ್ಟಿಟ್ಟ ಬ್ಯಾಗು ಕೂತಿತ್ತು. ಅದರ ಮೇಲೆ ವಾರಪತ್ರಿಕೆಗಳದೊಂದು ಕಟ್ಟು. ಎಷ್ಟೋ ಸಮಯದಿಂದ ಓದಲು ಪುರುಸೊತ್ತಾಗದೆ ಎತ್ತಿಟ್ಟಿದ್ದ ಧಾರಾವಾಹಿಗಳು. ಬೆಳಿಗ್ಗೆ ಎದ್ದು ಬಾಗಿಲಿಗೆ ನೀರು ಹಾಕಿ, ಅವಳು ಕಣಕ್ಕೆ ಹೋಗಿ ವ್ಯಾನಿಗೆ ಒಂದು ಬೆರಳು ತಾಗಿಸಿ ನೋಡುವಳು. ಆಮೇಲೆ ಬೆರಳನ್ನು ಸೀಮೆಎಣ್ಣೆಯಲ್ಲಿ ಒರೆಸಿಕೊಂಡು ಅಡಿಗೆಮನೆಗೆ ಹೋಗುವಳು. ಆ ಸೀಮೆಎಣ್ಣೆಯ ವಾಸನೆ ಕಾಫಿ ಲೋಟದಲ್ಲಿ ಬಂದಾಗೆಲ್ಲ ನಾನು ಲೋಟವನ್ನು ಹಾಗೇ ಕೆಳಗಿಡುತ್ತಿದ್ದೆ. ಬೈದುಬಿಟ್ಟಿದ್ದರೆ ವಾಸಿಯಿತ್ತು.

ಮೋಡ ದಿನದಿಂದ ದಿನಕ್ಕೆ ಕಪ್ಪಾಯಿತು. ಊರಿಗೆ ಊರೇ ಕತ್ತು ಎತ್ತಿಕೊಂಡು ಓಡಾಡುತ್ತಿತ್ತು. ಎದುರಿಗೆ ಸಿಕ್ಕವರೆಲ್ಲ ಇವತ್ತು ಹೊಡೆಯುತ್ತೆ ಬಿಡಿ ಅನ್ನುತ್ತಿದ್ದರು. ನಾನೂ ಹ್ಞೂಂ ಅನ್ನುತ್ತಿದ್ದೆ. ಒಳಗೊಳಗೆ ಮಾತ್ರ ದೇವರೇ, ಇನ್ನೆರಡು ದಿನ ತಡೆ ಅಂತ ಬೇಡಿಕೊಳ್ಳುತ್ತಿದ್ದೆ. ಕಾಫಿ ಬೆಳೆಗಾರನೊಬ್ಬ ಹೂಮಳೆ ಬೇಡ ಅಂತ ಬೇಡಿಕೊಂಡದ್ದು ದೇವರಿಗೂ ಅದೇ ಮೊದಲಿರಬೇಕು. ನನ್ನ ಗಿಡಗಳೂ ಬಾಯಿ ಬಿಟ್ಟುಕೊಂಡು ನಿಂತಿದ್ದವು, ಅದು ನನಗೆ ಕಾಣುತ್ತಿರಲಿಲ್ಲವೆಂದಲ್ಲ. ತೋಟದ ಬೇಲಿಯ ತನಕ ಸುರಿದು ಕಣದ ಹತ್ತಿರ ನಿಂತುಬಿಡುವ ಮಳೆಯೊಂದು ನನಗೆ ಬೇಕಿತ್ತು.

ಅದು ಬಂದದ್ದು ಮಧ್ಯಾಹ್ನ ಊಟಕ್ಕೆ ಕೂತಾಗ. ಗುಡುಗು, ಗಾಳಿ, ಹಿಂದೆಯೇ ಆನೆಕಲ್ಲು ಮಳೆ. ಲೈನಿನವರೆಲ್ಲ ಹೊರಗೆ ಬಂದು ನೆನೆಯುತ್ತಾ ನಿಂತರು. ಪಕ್ಕದ ತೋಟದಿಂದ ಚಂದ್ರೇಗೌಡ ಕೂಗು ಹಾಕುವುದು ಕೇಳಿಸಿತು. ಇಷ್ಟು ಜನರ ಸಂತೋಷದ ನಡುವೆ ನಾನೊಬ್ಬ ಅನ್ನದ ಕೈಯಲ್ಲೇ ಸ್ಟೋರಿಗೆ ಓಡಿ, ಕಾಫಿ ಮುಚ್ಚುವ ದೊಡ್ಡ ಟಾರ್ಪಾಲು ಎಳೆದು ತಂದು ವ್ಯಾನಿನ ಮೇಲೆ ಹೊದಿಸಿದೆ. ಗಾಳಿಗೆ ಹಾರದಿರಲಿ ಎಂದು ಒತ್ತಿ ಒತ್ತಿ ಹಿಡಿದೆ. ಕಣ್ಣೊಳಗೆ ನೀರು, ತಲೆ ಮೇಲೆ ಆನೆಕಲ್ಲು, ಆದರೂ ಬಿಡಲಿಲ್ಲ. ಆ ಅರ್ಧ ಗಂಟೆಯಲ್ಲಿ ನಾನು ನಿಜವಾಗಿ ಕಷ್ಟಪಟ್ಟೆ, ಇದನ್ನು ಯಾರೂ ಒಪ್ಪುವುದಿಲ್ಲ.

ಮಳೆ ನಿಂತಿತು. ಟಾರ್ಪಾಲು ತೆಗೆಯಲು ಹೋದರೆ ಅದು ಬರಲಿಲ್ಲ. ಅಂಟು ಅದನ್ನೂ ಹಿಡಿದುಕೊಂಡಿತ್ತು. ಬೈರ ಒಂದು ತುದಿ ಹಿಡಿದ, ನಾನೊಂದು ತುದಿ ಹಿಡಿದೆ, ಜೋರಾಗಿ ಎಳೆದೆವು. ಪರ್ ಎಂದು ಬಂತು. ವ್ಯಾನಿನ ತಗಡಿನ ಮೇಲೆ ಬಣ್ಣ ಅಷ್ಟೋ ಇಷ್ಟೋ ಉಳಿಯಿತು, ರೋಮದ ಸಮೇತ. ಆದರೆ ನುಣ್ಣಗಿದ್ದ ಆ ರೇಡಿಯಂ ಸ್ಟಿಕ್ಕರಿನ ಮೇಲಿಂದ ಮಾತ್ರ ಹಾಲಿನ ಕೆನೆಯ ಹಾಗೆ ಅಂಚು ಬಿಟ್ಟು ಎದ್ದು ಬಂದಿತ್ತು. ಟಾರ್ಪಾಲಿನಲ್ಲಿ ಒಂದು ಹಸಿರು ಪ್ಲಸ್, ವ್ಯಾನಿನಲ್ಲಿ ಒಂದು ಕೆಂಪು ಪ್ಲಸ್. ಆ ಪಕ್ಕದಲ್ಲೂ ಹಾಗೇ. ಮೊದಲು ಬಿಳಿಯ ಮೇಲೆ ಧೂಳು ಹಿಡಿದು ಕೂತಿತ್ತು. ಈಗ ಹಸಿರಿನ ನಡುವೆ, ತೊಳೆದ ಹಾಗೆ, ಚಾರ್ಮಾಡಿಯಿಂದ ನೋಡಿದರೂ ಕಾಣುವಂತೆ ಹೊಳೆಯುತ್ತಿತ್ತು.

ಚಂದ್ರೇಗೌಡ ನೆನೆದುಕೊಂಡೇ ಓಡಿ ಬಂದು ಎಂಥ ಮಳೆ ಮಾರಾಯ ಅಂತ ನನ್ನ ಕೈ ಹಿಡಿದು ಕುಲುಕಿದ. ನನ್ನ ಕಣ್ಣಲ್ಲಿ ನೀರು ನೋಡಿ ಅದು ಸಂತೋಷಕ್ಕೆ ಅಂದುಕೊಂಡು ಬೆನ್ನು ತಟ್ಟಿ ಹೋದ. ಸುಶೀಲ ಜಗುಲಿಯಲ್ಲಿ ನಿಂತಿದ್ದಳು. ಅವಳ ಹಿಂದೆ ಬಾಗಿಲ ಪಕ್ಕದ ಆ ಬ್ಯಾಗು ಕಾಣುತ್ತಿತ್ತು. ಇನ್ನು ಉಜ್ಜಿ, ಕೆರೆದು, ಮತ್ತೆ ಬಣ್ಣ ಹೊಡೆಯುವುದೆಂದರೆ ಮಳೆಗಾಲವೇ ಬಂತು. ಹತ್ತಿರ ಹೋಗಿ, ನೆಲ ನೋಡುತ್ತಾ, ಮುಂದಿನ ವರ್ಷ ಅಂತ ಶುರುಮಾಡಿದೆ.

“ಮುಂದಿನ ವರ್ಷ ಅಂತ ಕೇಳಿ ಕೇಳಿ ನನ್ನ ತಲೆಕೂದಲು ಬೆಳ್ಳಗಾಯ್ತು,” ಅಂದಳು. “ಪ್ಲಸ್ಸೋ ಮೈನಸ್ಸೋ, ನಾಳೆ ಹೊರಡೋದು. ಹತ್ತಲ್ಲ ಅಂದಿದ್ದೋಳು ನಾನು, ಹತ್ತೋಳೂ ನಾನೇ.”

ದನಿಯಲ್ಲಿ ಕೋಪ ಇರಲಿಲ್ಲ. ನನಗೆ ಹೆದರಿಕೆಯಾದದ್ದು ಅದಕ್ಕೇ.

ಹೊರಟೆವು. ಹತ್ತಿರದಲ್ಲೇ ಇರಲಿ, ಕೆಟ್ಟರೆ ಹಮೀದ್ ಬರಬಹುದು ಎಂಬ ಮುಂದಾಲೋಚನೆಯಿಂದ ಮೊದಲ ದಿನ ದೇವರಮನೆ ಗುಡ್ಡಕ್ಕೆ ಹೋದೆವು. ಗುಡ್ಡದ ಹುಲ್ಲಿನ ಮೇಲೆ ಮಳೆ ಬಿದ್ದ ವಾಸನೆ, ಕೆಳಗೆ ಕಣಿವೆ ತುಂಬ ಮಂಜು. ದೇವಸ್ಥಾನಕ್ಕೆ ಕೈ ಮುಗಿದು ಬಂದು ವ್ಯಾನಿನ ಬಾಗಿಲು ತೆರೆದಿಟ್ಟೆವು. ಸುಶೀಲ ಒಳಗೆ ಮಂಚದ ಮೇಲೆ ಕೂತು, ಸ್ವಲ್ಪ ಹೊತ್ತು ಏನು ಮಾಡಬೇಕೆಂದು ಗೊತ್ತಾಗದವಳ ಹಾಗೆ ಪರದೆ ಸರಿಪಡಿಸಿದಳು. ಆಮೇಲೆ ಅಭ್ಯಾಸ ಬಲದಿಂದ ಎದ್ದು ಒಲೆಯ ಕಡೆ ಕೈ ಚಾಚಿದಳು. ನಾನು ಹೊರಗೆ ಕಲ್ಲಿನ ಮೇಲೆ ಕೂತು, ಅಭ್ಯಾಸ ಬಲದಿಂದಲೇ, ಕಾಫಿಗೆ ಕಾಯುತ್ತಿದ್ದೆ. ಇದೇ ಹೊತ್ತಿಗೆ ಹುಲ್ಲಿನ ನಡುವಿನ ಕಾಲುದಾರಿಯಲ್ಲಿ ಒಬ್ಬ ಅಜ್ಜಿ ಕೋಲೂರಿಕೊಂಡು ಬಂದಳು. ಪ್ಲಸ್ಸನ್ನು ನೋಡಿದಳು, ನನ್ನನ್ನು ನೋಡಿದಳು, ಕಾಂಪೌಂಡರ್ ವ್ಯಾನು ಇದೇ ಅಲ್ವಾ ಅಂತ ಕೇಳಿದಳು. ನಮ್ಮ ಬೈರನ ಸುದ್ದಿ ನಮಗಿಂತ ಮುಂಚೆ ಗುಡ್ಡ ಹತ್ತಿತ್ತು. ಉತ್ತರಕ್ಕೆ ಕಾಯದೆ ಅವಳು ಮೆಟ್ಟಿಲ ಮೇಲೆ ಕೂತು, ಒಳಗಿದ್ದ ಸುಶೀಲಳಿಗೆ ಕೈ ಮುಗಿದು, ಡಾಕ್ಟ್ರಮ್ಮಾ, ಮಂಡಿ ನೋವು ಕಣವ್ವ ಅಂದಳು.

ಸುಶೀಲ ನಾನು ಡಾಕ್ಟರಲ್ಲ ಅಂತ ಹೇಳಲು ಬಾಯಿ ತೆರೆದಳು. ಹೇಳಿದಳು ಕೂಡ. ಅಜ್ಜಿ ಅದನ್ನು ವಿನಯ ಎಂದುಕೊಂಡು ಸೀರೆ ಸರಿಸಿ ಮಂಡಿ ತೋರಿಸಿದಳು. ಸುಶೀಲ ಅದನ್ನು ಮುಟ್ಟಿ ನೋಡಿದಳು. ಬಿಸಿನೀರಿನ ಶಾಖ ಕೊಡೋಣ, ಅದಕ್ಕೂ ಬಗ್ಗದಿದ್ದರೆ ಮೂಡಿಗೆರೆ ಆಸ್ಪತ್ರೆಗೆ ತೋರಿಸಿ ಅಂದಳು. ಅದು ನಮ್ಮ ಮನೆಯಲ್ಲಿ ಎಲ್ಲ ಕಾಯಿಲೆಗೂ ಅವಳು ಹೇಳುವ ಮಾತೇ. ಬಿಸಿನೀರಿಗೆಂದು ಒಲೆಯ ಕಡೆ ತಿರುಗಿದವಳು ಅಲ್ಲೇ ನಿಂತಳು. ಒಲೆ ನೋಡಿದಳು. ಮಂಚದ ಮೇಲಿದ್ದ ವಾರಪತ್ರಿಕೆಯ ಕಟ್ಟು ನೋಡಿದಳು. ಕಲ್ಲಿನ ಮೇಲೆ ಕೂತಿದ್ದ ನನ್ನನ್ನು ನೋಡಿದಳು. ಆ ಬಿಳಿ ಹೆಂಗಸು ಕಾಲು ಚಾಚಿಕೊಂಡು ಓದುತ್ತಿದ್ದಳು ಎಂದು ಅವಳು ಅಷ್ಟು ಸಲ ಹೇಳಿದ್ದರ ಅರ್ಥ ನನ್ನ ತಲೆಗೆ ಹೊಳೆದದ್ದು ಆಗ.

“ಕಾಂಪೌಂಡ್ರೇ,” ಅಂದಳು ಸುಶೀಲ, “ಸ್ವಲ್ಪ ನೀರು ಕಾಯ್ಸಿ. ಹಾಗೇ ಕಾಫಿ ಮಾಡಿ. ಅಜ್ಜಿಗೂ ಸೇರಿಸಿ.”

ಅಜ್ಜಿ ಎದುರಿಗೇ ಇದ್ದಳು. ಎದ್ದು ಹೋದೆ. ಸಕ್ಕರೆ ಎಲ್ಲಿದೆ ಅಂತ ಕೇಳಿದೆ. ಹುಡುಕಿ ಅಂದಳು ಡಾಕ್ಟ್ರಮ್ಮ, ಕಾಲು ಚಾಚಿ ಪತ್ರಿಕೆ ಬಿಡಿಸುತ್ತಾ. ಡಾಕ್ಟರು ಒಲೆ ಮುಟ್ಟುವ ಪದ್ಧತಿ ಎಲ್ಲಾದರೂ ಉಂಟೇ? ಆ ವಾರವಿಡೀ ಪ್ಲಸ್ ನೋಡಿ ಯಾರಾದರೊಬ್ಬರು ಬರುತ್ತಲೇ ಇದ್ದರು, ಹಾಗಾಗಿ ನನಗೆ ಒಲೆಯಿಂದ ಬಿಡುಗಡೆಯಾಗಲಿಲ್ಲ. ಅವಳು ಮಾತ್ರೆ ಕೊಡಲಿಲ್ಲ, ಕಷ್ಟ ಕೇಳಿದಳು. ಜನಕ್ಕೆ ಅದೇ ಸಾಕಾಗಿತ್ತು. ಕುದುರೆಮುಖದ ದಾರಿಯಲ್ಲಿ ಉಪ್ಪಿಟ್ಟು ತಳ ಹಿಡಿಸಿದೆ, ಅವಳು ಚೆನ್ನಾಗಿದೆ ಅಂತ ಪತ್ರಿಕೆಯಿಂದ ತಲೆ ಎತ್ತದೆ ತಿಂದಳು. ಕಳಸದಲ್ಲಿ ತಂಗಿಯ ಮನೆಯ ಮುಂದೆಯೇ ವ್ಯಾನು ನಿಲ್ಲಿಸಿ ಅಲ್ಲೇ ಉಳಿದೆವು. ತಂಗಿ ಕರೆಯಲು ಬಂದವಳು, ಅಣ್ಣ ಲುಂಗಿ ಎತ್ತಿಕಟ್ಟಿಕೊಂಡು ಕಾಯಿ ತುರಿಯುವುದನ್ನೂ ಅತ್ತಿಗೆ ಧಾರಾವಾಹಿ ಓದುವುದನ್ನೂ ಬಾಗಿಲಲ್ಲಿ ನಿಂತು ಬಹಳ ಹೊತ್ತು ನೋಡಿದಳು. ಮನೆಗೆ ಹೋಗಿ ಏನು ಹೇಳಿದಳೋ ಗೊತ್ತಿಲ್ಲ. ಅವಳ ಗಂಡ ಇವತ್ತಿಗೂ ನನ್ನ ಜೊತೆ ಸರಿಯಾಗಿ ಮಾತಾಡುವುದಿಲ್ಲ.

ವಾಪಸು ಬಂದಾಗ ತೋಟ ಬೆಳ್ಳಗೆ ಹೂವಾಗಿತ್ತು. ಅಂಥ ಹೂವು ಅಪರೂಪ ಅಂತ ಎಲ್ಲರೂ ಹೇಳಿದರು. ಬೇಡ ಅಂತ ಬೇಡಿಕೊಂಡವನ ತೋಟಕ್ಕೂ ದೇವರು ಕಡಿಮೆ ಮಾಡಿರಲಿಲ್ಲ. ಆಮೇಲೆ ವರ್ಷಕ್ಕೊಂದು ಸಲ ಆ ವ್ಯಾನಿನಲ್ಲಿ ಹೋಗುವುದು ವಾಡಿಕೆಯಾಯಿತು. ಪೇಟೆಯಲ್ಲಿ ನನ್ನ ಹೆಸರು ಕಾಂಪೌಂಡ್ರು ಅಂತಲೇ ನಿಂತುಹೋಯಿತು.

ಮೊನ್ನೆ ಮೂಡಿಗೆರೆಗೆ ಹೋದವನು ಒಂದು ಡಬ್ಬಿ ಹಸಿರು ಬಣ್ಣ ತಂದೆ. ಈ ಸಲ ಸ್ಪಂಜಿನ ರೋಲರ್, ಒಂದು ಕಟ್ಟು ಉಪ್ಪುಕಾಗದ. ಅಂಟು ಇಲ್ಲ. ಎಷ್ಟು ವರ್ಷ ಅಂತ ಹೀಗೆ ಇರುವುದು, ಆ ಪ್ಲಸ್ಸನ್ನು ಸರಿಯಾಗಿ ಉಜ್ಜಿ ಮುಚ್ಚಿಬಿಡುತ್ತೇನೆ, ನೀನೇ ತಾನೆ ಮೊದಲು ಬೇಡ ಅಂದಿದ್ದು ಅಂತ ಸುಶೀಲಳಿಗೆ ಹೇಳಿದೆ. ಅವಳು ಜಗುಲಿಯ ಕುರ್ಚಿಯಲ್ಲಿ ಪತ್ರಿಕೆ ಹಿಡಿದು ಕೂತಿದ್ದಳು. ಕನ್ನಡಕದ ಮೇಲಿಂದ ನನ್ನನ್ನೂ ರೋಲರನ್ನೂ ನೋಡಿದಳು.

“ಬಣ್ಣ ಹೊಡಿಯೋದು ನಿಮಗೆ ಬರಲ್ಲ ಕಣ್ರೀ,” ಅಂದಳು. “ಬರೋ ಕೆಲಸ ನೋಡ್ಕೊಳ್ಳಿ.”

ನನಗೆ ಬರುವ ಕೆಲಸ ಯಾವುದು ಅಂತ ಕೇಳಬೇಕೆಂದಿದ್ದೆ. ಅಷ್ಟರಲ್ಲಿ ಒಳಗೆ ನಾನೇ ಒಲೆಯ ಮೇಲೆ ಇಟ್ಟು ಬಂದಿದ್ದ ಹಾಲು ಉಕ್ಕುವ ಸದ್ದಾಯಿತು. ರೋಲರನ್ನು ಅಲ್ಲೇ ಬಿಟ್ಟು ನಾನು ಓಡಿದೆ.